ಇಬ್ಬರೇ ಸಾಕು ಅಂದವರ ಹದಿಮೂರನೇ ಆಲ್ಬಂ

(ಬಡಾವಣೆಯ ಯುವಕರ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತ ಬಲ್ಲವನಲ್ಲ. ಸರಿಗಮದಲ್ಲಿ 'ಸ' ಎಲ್ಲಿ ನಿಂತು 'ರಿ' ಎಲ್ಲಿ ಶುರುವಾಗುತ್ತದೆ ಅನ್ನುವುದೂ ನನಗೆ ಗೊತ್ತಿಲ್ಲ. ಪಿಯುಸಿ ಪರೀಕ್ಷೆ ಮುಗಿದ ವಾರವೇ ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಲು ಕೂತವನು. ಶಾಯಿ, ಕಾಗದ, ರೋಲರು, ಬ್ಯಾಂಕಿನ ಸಾಲ, ಇಷ್ಟೇ ನನ್ನ ವಿದ್ಯೆ. ಇಂಥವನನ್ನು ಕರೆದು 'ಅಮೆರಿಕದ ರಾಕ್ ಜೋಡಿಯ ಬಗ್ಗೆ ಮಾತಾಡಿ ಸಾರ್' ಅಂದಿದ್ದೀರಿ. ಹೆಚ್ಚುಕಮ್ಮಿ ಆದರೆ ತಪ್ಪು ನಿಮ್ಮದು.

ಆದರೂ ಬಂದೆ. ಯಾಕೆ ಬಂದೆ ಅಂದರೆ, ಈ ಹಾಡುಗಾರರು ನನ್ನ ಹತ್ತಿರ ಕಿವಿಯ ಮೂಲಕ ಬಂದವರಲ್ಲ, ಕಣ್ಣಿನ ಮೂಲಕ ಬಂದವರು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಪ್ರೆಸ್ಸಿಗೆ ಬಂದ. ಉದ್ದ ಕೂದಲು, ಹೆಗಲಲ್ಲಿ ಗಿಟಾರು. ಅವರ ಬ್ಯಾಂಡಿನ ಕಾರ್ಯಕ್ರಮಕ್ಕೆ ಕರಪತ್ರ ಆಗಬೇಕಿತ್ತು. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ 'ಅಣ್ಣಾ, ಹಿಂಗೇ ಬೇಕು' ಅಂದ. ನೋಡುತ್ತೇನೆ, ಚಿತ್ರವೇ ಇಲ್ಲ! ಕಪ್ಪು ನೆಲ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಎರಡು ವಾಕ್ಯ. ಇದು ಬ್ಲ್ಯಾಕ್ ಕೀಸ್ ಅವರ ಆಲ್ಬಂ ಅಂತ ಒಂದು, ಇದರ ಹೆಸರು ಬ್ರದರ್ಸ್ ಅಂತ ಇನ್ನೊಂದು. ಮುಗೀತು. 'ಏನಪ್ಪಾ, ಇದಕ್ಕೆ ಡಿಸೈನು ಅಂತಾರಾ? ನಮ್ಮಪ್ಪ ತಿಥಿ ಕಾರ್ಡನ್ನು ಇದಕ್ಕಿಂತ ಚೆಂದ ಮಾಡುತ್ತಿದ್ದರು' ಅಂದೆ. ಹುಡುಗ ನಕ್ಕು, 'ಅಣ್ಣಾ, ಈ ರಟ್ಟಿಗೆ ಗ್ರ್ಯಾಮಿ ಬಂದಿದೆ' ಅಂದ.

ಹಾಡಿಗಲ್ಲ, ರಟ್ಟಿಗೆ! 2011ರಲ್ಲಿ. ಆಲ್ಬಮ್ಮಿನ ಹೊದಿಕೆಗೆ ಅಂತಲೇ ಅಲ್ಲಿ ಒಂದು ಪ್ರಶಸ್ತಿ ಇದೆಯಂತೆ. ಅದನ್ನು ಮಾಡಿದವನು ಮೈಕೆಲ್ ಕಾರ್ನಿ, ಡ್ರಮ್ಸ್ ಬಾರಿಸುವ ಪ್ಯಾಟ್ರಿಕ್ ಕಾರ್ನಿಯ ಒಡಹುಟ್ಟಿದವನು. ಒಳಗಿನ ಸೀಡಿಗೆ ಬಿಸಿಗೆ ಬಣ್ಣ ಬದಲಿಸುವ ಶಾಯಿ ಹಾಕಿದ್ದರು. ಪೆಟ್ಟಿಗೆಯಿಂದ ತೆಗೆದಾಗ ಕಪ್ಪು, ಪ್ಲೇಯರಿನಲ್ಲಿ ಓಡಿ ಬಿಸಿಯಾಗಿ ಹೊರಗೆ ಬಂದಾಗ ಬಿಳಿ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಶಾಯಿಯಲ್ಲೇ ಕೈ ಅದ್ದಿದವನು ನಾನು, ಇಂಥದ್ದೊಂದು ಶಾಯಿ ಇದೆ ಅಂತ ಗೊತ್ತಿರಲಿಲ್ಲವಲ್ಲ ಅನ್ನುವ ಹೊಟ್ಟೆಕಿಚ್ಚು.

ರಟ್ಟಿನ ವಿಚಾರ ಇನ್ನೂ ಒಂದಿದೆ, ಹೇಳಿ ಮುಂದೆ ಹೋಗುತ್ತೇನೆ. ಈ ಬರೀ ಅಕ್ಷರದ ಹೊದಿಕೆ ಅವರ ಸ್ವಂತದ್ದಲ್ಲ. 1969ರಲ್ಲಿ ಹೌಲಿನ್ ವುಲ್ಫ್ ಅನ್ನುವ ದೊಡ್ಡ ಬ್ಲೂಸ್ ಗಾಯಕನ ಒಂದು ಆಲ್ಬಂ ಬಂತು. ಕಂಪನಿಯವರು ಕಾಲಕ್ಕೆ ತಕ್ಕ ಹಾಗೆ ಮಾಡುತ್ತೇವೆ ಅಂತ ಅವನ ಹಾಡಿಗೆ ಏನೇನೋ ಹೊಸ ಎಲೆಕ್ಟ್ರಿಕ್ ಸದ್ದು ಸೇರಿಸಿದರು. ಮುದುಕನಿಗೆ ಮೈಯೆಲ್ಲಾ ಉರಿಯಿತು. ಕಂಪನಿಯವರ ಧೈರ್ಯ ನೋಡಿ, ಬಿಳಿ ರಟ್ಟಿನ ಮೇಲೆ ಕರಿ ಅಕ್ಷರದಲ್ಲಿ ಅದನ್ನೇ ಅಚ್ಚು ಹಾಕಿಸಿದರು. ಇದು ಅವನ ಹೊಸ ಆಲ್ಬಂ, ಅವನಿಗೆ ಇದು ಹಿಡಿಸಿಲ್ಲ, ಎಲೆಕ್ಟ್ರಿಕ್ ಗಿಟಾರೂ ಮೊದಲು ಹಿಡಿಸಿರಲಿಲ್ಲ ಅಂತ! ಸದ್ದು ಬದಲಾದರೆ ಸಿಟ್ಟು ಬರುವುದು ಕೇಳುವವನಿಗೆ ಮಾತ್ರ ಅಲ್ಲ, ಹಾಡುವವನಿಗೂ ಬರುತ್ತದೆ. ಇಷ್ಟು ನೆನಪಿಟ್ಟುಕೊಳ್ಳಿ.

ಈಗ ಈ ಇಬ್ಬರ ಕತೆ.

ಡ್ಯಾನ್ ಆಯರ್‌ಬ್ಯಾಕ್ ಗಿಟಾರು ಹಿಡಿದು ಹಾಡುತ್ತಾನೆ. ಪ್ಯಾಟ್ರಿಕ್ ಕಾರ್ನಿ ಡ್ರಮ್ಸ್ ಬಾರಿಸುತ್ತಾನೆ. ಡ್ಯಾನ್ ಹುಟ್ಟಿದ್ದು 1979ರಲ್ಲಿ, ಪ್ಯಾಟ್ರಿಕ್ 1980ರಲ್ಲಿ. ಅಂದರೆ ನನ್ನ ವಾರಿಗೆಯವರೇ. ಇಬ್ಬರೂ ಒಂದೇ ಬಡಾವಣೆಯ ಹುಡುಗರು. ಕಾಲೇಜು ಸೇರಿದರು, ಅರ್ಧಕ್ಕೇ ಬಿಟ್ಟರು. ಊರು ಓಹೈಯೋ ರಾಜ್ಯದ ಆಕ್ರನ್. ಅಮೆರಿಕ ಅಂದರೆ ನ್ಯೂಯಾರ್ಕು, ಕ್ಯಾಲಿಫೋರ್ನಿಯಾ ಅಷ್ಟೇ ಅಂದುಕೊಂಡಿರುವ ನಮಗೆ ಆಕ್ರನ್ ಹೆಸರೇ ಗೊತ್ತಿಲ್ಲ. ಆದರೆ ನಿಮ್ಮ ತಾತಂದಿರ ಕಾಲದ ಲಾರಿಯ ಟೈರಿಗೆ ಆ ಊರು ಗೊತ್ತಿತ್ತು. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್, ಜನರಲ್ ಟೈರ್ ಎಲ್ಲಾ ಅಲ್ಲಿನವೇ. ಜಗತ್ತಿನ ರಬ್ಬರ್ ರಾಜಧಾನಿ ಅಂತ ಮೆರೆದ ಊರು. ಈ ಹುಡುಗರು ಕಣ್ಣು ಬಿಡುವ ಹೊತ್ತಿಗೆ ಒಂದೊಂದೇ ಕಾರ್ಖಾನೆ ಬಾಗಿಲು ಹಾಕಿತ್ತು. ಎನ್‌ಜಿಇಎಫ್ ಮುಚ್ಚಿದ್ದು, ಎಚ್‌ಎಂಟಿ ಗಡಿಯಾರ ನಿಂತದ್ದು ಕಂಡ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಊರಿನಲ್ಲಿ ಆಲ್ಫ್ರೆಡ್ ಮೆಕ್‌ಮೋರ್ ಅನ್ನುವ ಒಬ್ಬ ಚಿತ್ರಕಾರನಿದ್ದ. ಮನಸ್ಸಿನ ಕಾಯಿಲೆ ಇದ್ದವನು. ಉದ್ದುದ್ದ ಕಾಗದದ ಸುರುಳಿಯ ಮೇಲೆ ಚಿತ್ರ ಬರೆಯುತ್ತಿದ್ದ. ಈ ಇಬ್ಬರ ಅಪ್ಪಂದಿರೂ ಅವನಿಗೆ ಪರಿಚಯ, ಆಗಾಗ ನೆರವಾಗುತ್ತಿದ್ದರು. ಅವನಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಫೋನಿನಲ್ಲಿ ಬೈಗುಳ ಬಿಡುತ್ತಿದ್ದ. ಏನು ಬೈಗುಳ? 'ಬ್ಲ್ಯಾಕ್ ಕೀ' ಅಂತ. ಹಾರ್ಮೋನಿಯಂನಲ್ಲಿ ಕರಿ ಮನೆ ಇರುತ್ತದಲ್ಲ, ಅದು. ಸರಿಯಿಲ್ಲದವನು, ಅಪಸ್ವರದವನು ಅನ್ನುವ ಹಾಗೆ. ಹುಡುಗರು ಆ ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡರು. 2001ರಲ್ಲಿ ಹುಟ್ಟಿತು ದಿ ಬ್ಲ್ಯಾಕ್ ಕೀಸ್.

ಇಬ್ಬರೇ. ಬೇಸ್ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ಮೊದಲ ಆಲ್ಬಂ 2002ರಲ್ಲಿ, ಪ್ಯಾಟ್ರಿಕ್ ಮನೆಯ ನೆಲಮಾಳಿಗೆಯಲ್ಲಿ ಮಾಡಿದ್ದು. ಎರಡನೆಯದು 2003ರ ಥಿಕ್‌ಫ್ರೀಕ್‌ನೆಸ್. ಅದೂ ನೆಲಮಾಳಿಗೆಯದೇ. 1980ರ ದಶಕದ ಒಂದು ಹಳೇ ಎಂಟು ಟ್ರ್ಯಾಕಿನ ಟೇಪ್ ಯಂತ್ರ ಇಟ್ಟುಕೊಂಡು ಹೆಚ್ಚೂಕಮ್ಮಿ ಇಡೀ ಆಲ್ಬಮ್ಮನ್ನು ಹದಿನಾಲ್ಕು ಗಂಟೆಯ ಒಂದೇ ಬೈಠಕ್ಕಿನಲ್ಲಿ ಮುಗಿಸಿದರು. ನಾವು ಚುನಾವಣೆ ಹೊತ್ತಿನಲ್ಲಿ ಕರಪತ್ರ ಹೊಡೆಯುವ ಹಾಗೆ! ಕೇಳಿ ನೋಡಿ ಅದನ್ನು. ಸದ್ದು ಒರಟು, ಅಂಚು ಕತ್ತರಿಸದ ಕಾಗದದ ಹಾಗೆ. ಗಿಟಾರು ಗೊರಗೊರ ಅನ್ನುತ್ತದೆ. ನನ್ನ ಮಗಳು 'ಅಪ್ಪಾ, ಸ್ಪೀಕರ್ ಕೆಟ್ಟಿದೆ' ಅಂದಳು.

ಅದು ಕೆಟ್ಟ ಸ್ಪೀಕರಲ್ಲ, ಅದು ಮಿಸಿಸಿಪ್ಪಿಯ ಬ್ಲೂಸು. ಅಲ್ಲಿನ ಗುಡ್ಡದ ಸೀಮೆಯಲ್ಲಿ ಜೂನಿಯರ್ ಕಿಂಬ್ರೋ, ಆರ್.ಎಲ್. ಬರ್ನ್‌ಸೈಡ್ ಅನ್ನುವ ಕಪ್ಪು ಜನಾಂಗದ ಹಾಡುಗಾರರಿದ್ದರು. ಒಂದೇ ವರಸೆಯನ್ನು ಮತ್ತೆ ಮತ್ತೆ ತಿರುವುತ್ತಾ, ಕುಣಿಯುವವರ ಕಾಲು ಸೋಲುವ ತನಕ ನುಡಿಸುವ ಪದ್ಧತಿ. ಕಿಂಬ್ರೋ ತೀರಿಕೊಂಡದ್ದು 1998ರಲ್ಲಿ. ಈ ಹುಡುಗರು 2006ರಲ್ಲಿ ಅವನ ಹಾಡುಗಳನ್ನೇ ಹಾಡಿ ಚುಲಹೋಮಾ ಅಂತ ಒಂದು ಸಣ್ಣ ಆಲ್ಬಂ ತಂದರು. ಅದರ ಕೊನೆಯಲ್ಲಿ ಹಾಡಿಲ್ಲ, ಕಿಂಬ್ರೋ ಹೆಂಡತಿ ಫೋನಿನಲ್ಲಿ ಬಿಟ್ಟ ಮಾತು ಇದೆ. ಗಂಡನ ಹಾಡು ಇವರ ಬಾಯಲ್ಲಿ ಕೇಳಿ ಮೆಚ್ಚಿ ಆಡಿದ ಮಾತು. ಅರ್ಧ ಇಂಗ್ಲಿಷು ನನಗೆ ತಿಳಿಯಲಿಲ್ಲ, ಹುಡುಗನನ್ನು ಕೇಳಿ ತಿಳಿದುಕೊಂಡೆ. ಆ ಮುದುಕಿಯ ದನಿಗೆ ಮಾತ್ರ ಅನುವಾದ ಬೇಕಾಗಿರಲಿಲ್ಲ.

ಮೂರನೆಯದು ರಬ್ಬರ್ ಫ್ಯಾಕ್ಟರಿ, 2004. ಹೆಸರೇ ಹೇಳುತ್ತದೆ. ಮುಚ್ಚಿಹೋದ ಜನರಲ್ ಟೈರ್ ಕಾರ್ಖಾನೆಯ ಕಟ್ಟಡದಲ್ಲೇ ಠಿಕಾಣಿ ಹಾಕಿ ರೆಕಾರ್ಡ್ ಮಾಡಿದರು. ಆ ಕಟ್ಟಡವನ್ನೂ ಆಮೇಲೆ ಕೆಡವಿಹಾಕಿದರು. ಅಲ್ಲಿ ಗೋಡೆಗೆ ತಾಗಿ ವಾಪಸ್ಸು ಬಂದ ಸದ್ದು ಈಗ ಉಳಿದಿರುವುದು ಆ ಆಲ್ಬಮ್ಮಿನಲ್ಲೇ.

ಈ ದಿನಗಳಲ್ಲಿ ಇಂಗ್ಲೆಂಡಿನ ಒಂದು ಮಯೊನೆಸ್ ಕಂಪನಿ ಇವರ ಹಾಡನ್ನು ಜಾಹೀರಾತಿಗೆ ಕೇಳಿತು. ಇವರು ಕಣ್ಣಲ್ಲೇ ಕಂಡಿರದಷ್ಟು ಹಣ. ಮರ್ಯಾದೆ ಹೋಗುತ್ತದೆ ಅಂತ ಬೇಡ ಅಂದರು. ಬೇಡ ಅಂದು ಮತ್ತೆ ಹಳೇ ವ್ಯಾನ್ ಹತ್ತಿ ಊರೂರು ಅಲೆದರು. ಆಮೇಲೆ ಪಶ್ಚಾತ್ತಾಪ ಪಟ್ಟು, ಮುಂದೆ ಜಾಹೀರಾತುಗಳಿಗೆ ಧಾರಾಳವಾಗಿ ಹಾಡು ಕೊಟ್ಟರು. ಅಭಿಮಾನಿಗಳು ಉಗಿದರು. ನಾನು ಉಗಿಯುವುದಿಲ್ಲ ಸ್ವಾಮಿ. ತಿಂಗಳ ಕೊನೆಗೆ ಬಾಡಿಗೆ ಕಟ್ಟುವವನಿಗೆ ಮಾತ್ರ ಗೊತ್ತು, ಯಾವ ಕೆಲಸ ಒಪ್ಪಬೇಕು ಯಾವುದು ಬಿಡಬೇಕು ಅನ್ನುವ ಲೆಕ್ಕ. ನಾನು ಕೂಡ ಓದಿದರೆ ಬೇಸರ ಬರುವ ಎಷ್ಟೋ ಪಾಂಪ್ಲೆಟ್ಟುಗಳನ್ನು ಅಚ್ಚು ಹಾಕಿಲ್ಲವೇ?

2008ರಲ್ಲಿ ಮೊದಲ ಸಲ ಹೊರಗಿನವನನ್ನು ಒಳಗೆ ಬಿಟ್ಟುಕೊಂಡರು. ಡೇಂಜರ್ ಮೌಸ್ ಅಂತ ಅವನ ಅಡ್ಡಹೆಸರು, ಹೆಸರಾಂತ ನಿರ್ಮಾಪಕ. ನೆಲಮಾಳಿಗೆ ಬಿಟ್ಟು ನಿಜವಾದ ಸ್ಟುಡಿಯೋಗೆ ಹೋದರು. ಅಟ್ಯಾಕ್ ಅಂಡ್ ರಿಲೀಸ್ ಅಂತ ಆಲ್ಬಂ. ಕೀಬೋರ್ಡ್ ಬಂತು, ಬೇರೆ ಬೇರೆ ವಾದ್ಯ ಬಂತು. 'ಕೆಟ್ಟರು, ಇನ್ನು ಮುಗೀತು' ಅಂದವರಿದ್ದರು.

ಕೆಡುವ ಹಂತ ಬಂದದ್ದು ಮುಂದಿನ ವರ್ಷ, ಅದೂ ಬೇರೆಯದೇ ಕಾರಣಕ್ಕೆ. 2009ರಲ್ಲಿ ಡ್ಯಾನ್ ಒಬ್ಬನೇ ಒಂದು ಆಲ್ಬಂ ತಂದ. ತಪ್ಪೇನಿಲ್ಲ. ಆದರೆ ಪ್ಯಾಟ್ರಿಕ್‌ಗೆ ಒಂದು ಮಾತು ಹೇಳಿರಲಿಲ್ಲ. ಹುಡುಗಾಟದ ದಿನದಿಂದ ಜೊತೆಗಿದ್ದವನಿಗೆ ಹೇಳಲಿಲ್ಲ! ಪ್ಯಾಟ್ರಿಕ್ ಕುದ್ದುಹೋದ. ತಾನೂ ಬೇರೊಂದು ಬ್ಯಾಂಡ್ ಕಟ್ಟಿದ. ಇಬ್ಬರ ಮಾತು ನಿಂತಿತು.

ಇಲ್ಲಿ ನನ್ನ ಕತೆ ಒಂದಿಷ್ಟು ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ.

ಅಪ್ಪನದು ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಸಣ್ಣ ಪ್ರೆಸ್ಸು. ಕಾಲಲ್ಲಿ ತುಳಿಯುವ ಟ್ರೆಡಲ್ ಮಷಿನ್, ಗೂಡುಗಳಲ್ಲಿ ಕನ್ನಡದ ಮೊಳೆಗಳು. ಲಗ್ನಪತ್ರಿಕೆ, ಬಿಲ್ ಬುಕ್ಕು, ನಾಟಕದ ಹ್ಯಾಂಡ್‌ಬಿಲ್ಲು. ಕಂಪ್ಯೂಟರ್ ಬಂದ ಮೇಲೆ ಮೊಳೆ ಕೇಳುವವರಿಲ್ಲ. 2003ರಲ್ಲಿ ನಾನೂ ನನ್ನ ಸಹಪಾಠಿಯೊಬ್ಬನೂ ಪಾಲುದಾರರಾಗಿ ಸೆಕೆಂಡ್ ಹ್ಯಾಂಡ್ ಮಿನಿ ಆಫ್‌ಸೆಟ್ ತಂದೆವು. ಅವನು ಹೊರಗಿನ ಕೆಲಸ, ನಾನು ಮಷಿನ್ನು. ನಮ್ಮದೂ ಇಬ್ಬರ ಬ್ಯಾಂಡೇ! ಅಪ್ಪ ಆಫ್‌ಸೆಟ್ಟಿನಲ್ಲಿ ಬಂದ ಮೊದಲ ಹಾಳೆಯ ಮೇಲೆ ಬೆರಳಾಡಿಸಿ, 'ಅಕ್ಷರ ಕೈಗೇ ತಾಗೋದಿಲ್ಲವಲ್ಲೋ' ಅಂದರು. ಮೊಳೆಯ ಅಚ್ಚು ಕಾಗದಕ್ಕೆ ಒತ್ತಿರುತ್ತದೆ, ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ. ಆಫ್‌ಸೆಟ್ಟಿನ ಅಕ್ಷರ ಮೇಲೆ ಮಲಗಿರುತ್ತದೆ. ಅಪ್ಪನ ಮಾತು ಸುಳ್ಳಲ್ಲ. ಆದರೆ ಆ ಮಿನಿ ಆಫ್‌ಸೆಟ್ ಬಂದಿರದಿದ್ದರೆ ಮುಂದಿನ ವರ್ಷ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ, ಇದೂ ಸುಳ್ಳಲ್ಲ.

ಆರು ವರ್ಷ ಚೆನ್ನಾಗಿ ನಡೆಯಿತು. 2009ರಲ್ಲೇ, ಆ ವರ್ಷವೇ ಹಂಗೋ ಏನೋ, ನನ್ನ ಪಾಲುದಾರ ದೊಡ್ಡ ಅಳತೆಯ ಬ್ಯಾನರ್ ಹೊಡೆಯುವ ಮಷಿನ್ ತಂದ. ಪಕ್ಕದ ರಸ್ತೆಯಲ್ಲಿ, ಬೇರೆ ಹೆಸರಿನಲ್ಲಿ. ನನಗೆ ಗೊತ್ತಾದದ್ದು ಕಾಗದ ತರುವ ಆಟೋದವನಿಂದ. ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಲೆಕ್ಕದ ಪುಸ್ತಕ ಅವನ ಮನೆಗೆ ಕಳಿಸಿ, ಪಾಲು ಬಿಡಿಸಿಕೊಂಡೆ. ಅಷ್ಟೇ.

ಈಗ ಆ ಇಬ್ಬರು ಏನು ಮಾಡಿದರು ನೋಡಿ. ಕೂತು ಮಾತಾಡಿದರು. ಮಾತಾಡಿ, ಅಲಬಾಮಾದ ಮಸಲ್ ಶೋಲ್ಸ್ ಅನ್ನುವ ಊರಿನ ಒಂದು ಹಳೇ ಸ್ಟುಡಿಯೋಗೆ ಒಟ್ಟಿಗೆ ಹೋದರು. ಅಲ್ಲಿ ಬಹುಪಾಲು ಮಾಡಿದ ಆಲ್ಬಂ 2010ರಲ್ಲಿ ಬಂತು. ಅದರ ಹೆಸರು ಬ್ರದರ್ಸ್. ನಾನು ತಿಥಿ ಕಾರ್ಡು ಅಂದೆನಲ್ಲ, ಅದೇ ಕರಿ ರಟ್ಟು. ಅಣ್ಣತಮ್ಮಂದಿರು ಅಂತ ಯಾಕೆ ಹೆಸರಿಟ್ಟರು ಅನ್ನುವುದು ತಿಳಿದ ದಿನ, ಹುಡುಗನ ಕರಪತ್ರಕ್ಕೆ ನಾನು ಮಾಡಿದ್ದ ಕೊಂಕು ಮಾತು ನೆನೆಸಿಕೊಂಡು ನಾಚಿಕೆ ಆಯಿತು.

ಆ ಆಲ್ಬಂ ಅವರ ದೆಸೆ ತಿರುಗಿಸಿತು. ಮೂರು ಗ್ರ್ಯಾಮಿ ಬಂತು, ಒಂದು ರಟ್ಟಿಗೆ, ಎರಡು ಹಾಡಿಗೆ. ಇಬ್ಬರೂ ನ್ಯಾಶ್‌ವಿಲ್ ಊರಿಗೆ ಮನೆ ಬದಲಿಸಿದರು. ವೇದಿಕೆಯ ಮೇಲೆ ಬೇಸ್, ಕೀಬೋರ್ಡ್ ನುಡಿಸುವವರು ಬಂದು ನಿಂತರು. 2011ರ ಎಲ್ ಕಮೀನೋದ ಹೊತ್ತಿಗೆ ಡೇಂಜರ್ ಮೌಸ್ ಜೊತೆ ಕೂತು ಹಾಡು ಬರೆಯುವುದೂ ಶುರುವಾಯಿತು. ಲೋನ್ಲಿ ಬಾಯ್ ಕೇಳಿರುತ್ತೀರಿ, ಕೇಳಿಲ್ಲದಿದ್ದರೆ ನೋಡಿಯಾದರೂ ಇರುತ್ತೀರಿ. ಒಂದು ಮೋಟೆಲ್ ಮುಂದೆ ಒಬ್ಬನೇ ಒಬ್ಬ ಮನುಷ್ಯ ನಿಂತು ಕುಣಿಯುತ್ತಾನೆ, ಬೇರೇನೂ ಇಲ್ಲ. ಎಲ್ ಕಮೀನೋ ಅಂದರೆ ಅಲ್ಲಿನ ಒಂದು ಸೊಗಸುಗಾರ ಕಾರಿನ ಹೆಸರು. ರಟ್ಟಿನ ಮೇಲೆ ಆ ಕಾರಿಲ್ಲ, ಒಂದು ಸವಕಲು ವ್ಯಾನ್ ನಿಂತಿದೆ. ತಾವು ಬಡತನದಲ್ಲಿ ಊರೂರು ಅಲೆದದ್ದು ಅಂಥದ್ದರಲ್ಲಿ ಅಂತ. ಈ ತಮಾಷೆ ನನಗೆ ಇಷ್ಟ. 2014ರ ಟರ್ನ್ ಬ್ಲೂ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ನನಗೆ ಅದು ಅಷ್ಟಾಗಿ ಹಿಡಿಯಲಿಲ್ಲ, ಮಂಕು ಕವಿದ ಹಾಗಿದೆ. ಡ್ಯಾನ್‌ನ ಮದುವೆ ಮುರಿದ ಹೊತ್ತಿನದು ಅಂತ ಆಮೇಲೆ ತಿಳಿಯಿತು. ಅದಾದ ಮೇಲೆ ಐದು ವರ್ಷ ಜೋಡಿಯಾಗಿ ಆಲ್ಬಂ ತರಲೇ ಇಲ್ಲ.

2021ರಲ್ಲಿ ಬಂದ ಡೆಲ್ಟಾ ಕ್ರೀಮ್ ಬಗ್ಗೆ ನಿಲ್ಲಿಸಿ ಹೇಳಬೇಕು. ದುಡ್ಡು, ಹೆಸರು ಎಲ್ಲಾ ಬಂದ ಮೇಲೆ ಇವರು ಮತ್ತೆ ಕಿಂಬ್ರೋ, ಬರ್ನ್‌ಸೈಡರ ಹಾಡಿಗೇ ಹೋದರು. ಬರ್ನ್‌ಸೈಡ್ ಜೊತೆ ವರ್ಷಗಟ್ಟಲೆ ಗಿಟಾರು ನುಡಿಸಿದ್ದ ಕೆನ್ನಿ ಬ್ರೌನ್, ಕಿಂಬ್ರೋ ಬಳಿ ಬೇಸ್ ನುಡಿಸಿದ್ದ ಎರಿಕ್ ಡೀಟನ್, ಇವರನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು ಎರಡು ಮಧ್ಯಾಹ್ನದಲ್ಲಿ ಮುಗಿಸಿದರು. ಥಿಕ್‌ಫ್ರೀಕ್‌ನೆಸ್ ಕೇಳಿ, ತಕ್ಷಣ ಇದನ್ನು ಕೇಳಿ. ಇಪ್ಪತ್ತೆರಡರ ಹುಡುಗರು ಕಿಂಬ್ರೋ ಹಾಡನ್ನು ಮೇಲೆ ಬಿದ್ದು ಹಾಡುತ್ತಾರೆ. ನಲವತ್ತರವರು ಅವನ ಹಾಡಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಿದ್ದಾರೆ. ಡ್ರಮ್ಸ್ ಅವಸರ ಮಾಡುವುದಿಲ್ಲ. ಸದ್ದು ಬೆಳೆಯಿತು ಅನ್ನುತ್ತಾರಲ್ಲ, ನನಗೆ ಅದರ ಅರ್ಥ ಆದದ್ದು ಈ ಎರಡನ್ನು ಒಟ್ಟಿಗೆ ಕೇಳಿದಾಗ. ವಾದ್ಯ ಜಾಸ್ತಿ ಆದದ್ದು ಬೆಳವಣಿಗೆ ಅಂತ ಅಲ್ಲಿಯ ತನಕ ಅಂದುಕೊಂಡಿದ್ದೆ.

ಇನ್ನು ಹೊಸದಕ್ಕೆ ಬರೋಣ. 2024ರಲ್ಲಿ ಓಹೈಯೋ ಪ್ಲೇಯರ್ಸ್ ಅಂತ ತಂದರು. ಬೆಕ್, ನೋಯೆಲ್ ಗ್ಯಾಲಗರ್ ಅಂಥ ದೊಡ್ಡ ದೊಡ್ಡವರನ್ನು ಜೊತೆಗೆ ಕೂರಿಸಿಕೊಂಡು ಮಾಡಿದ್ದು. ಅದನ್ನು ಹೊತ್ತು ಉತ್ತರ ಅಮೆರಿಕದ ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ಹಾಡಲು ಹೊರಟರು. ಆ ವರ್ಷದ ಮೇ ತಿಂಗಳಲ್ಲಿ ಇಡೀ ಪ್ರವಾಸವೇ ರದ್ದು! ಆಮೇಲೆ ತಮ್ಮ ವ್ಯವಸ್ಥಾಪಕರನ್ನೂ ಬಿಟ್ಟರು. ಇಪ್ಪತ್ತು ವರ್ಷದ ಮೇಲಿನ ಬ್ಯಾಂಡಿಗೆ ಇಂಥ ಅವಮಾನ ಸಣ್ಣದಲ್ಲ. ಒಬ್ಬರ ಮೇಲೊಬ್ಬರು ಹಾಕಿ ಬೇರೆಯಾಗಲು ಇದಕ್ಕಿಂತ ಒಳ್ಳೇ ನೆಪ ಸಿಗುತ್ತಿರಲಿಲ್ಲ. ಇವರು ಹೋಗಿ ಸ್ಟುಡಿಯೋದಲ್ಲಿ ಕೂತರು. 2025ರ ಆಗಸ್ಟಿನಲ್ಲಿ ಹದಿಮೂರನೇ ಆಲ್ಬಂ ಬಂತು, ನೋ ರೈನ್ ನೋ ಫ್ಲವರ್ಸ್. ಮಳೆ ಇಲ್ಲದೆ ಹೂವಿಲ್ಲ.

ಹನ್ನೊಂದು ಹಾಡು. ರಿಕ್ ನೊವೆಲ್ಸ್, ಡೇನಿಯಲ್ ಟಶಿಯನ್ ಅಂತ ಹಾಡು ಕಟ್ಟುವುದರಲ್ಲಿ ಪಳಗಿದವರು ಜೊತೆಗಿದ್ದಾರೆ. ಕೀಬೋರ್ಡಿಗೆ ಸ್ಕಾಟ್ ಸ್ಟೋರ್ಚ್, ಹಿಪ್‌ಹಾಪ್ ಕಡೆಯ ದೊಡ್ಡ ಹೆಸರು. ಸದ್ದು ನುಣುಪು, ನಾಲ್ಕು ಬಣ್ಣದ ಆರ್ಟ್ ಪೇಪರಿನ ಹಾಗೆ. ಒಂದೆರಡು ಹಾಡಂತೂ ಅತಿಯಾಗಿ ತಿದ್ದಿದ ಪ್ರೂಫಿನಂತೆ ಜೀವವೇ ಹೋಗಿದೆ ಅನ್ನಿಸಿತು. ಹೆಸರಿನ ಹಾಡು ಮಾತ್ರ ಬಾಯಿಗೆ ಹತ್ತಿಕೊಳ್ಳುತ್ತದೆ. ಪ್ರೆಸ್ಸಿನಲ್ಲಿ ಪ್ಲೇಟು ತೊಳೆಯುವಾಗ ನನಗೇ ಗೊತ್ತಿಲ್ಲದೆ ಗುನುಗುತ್ತಿದ್ದೆ, ಪದ ಗೊತ್ತಿಲ್ಲ, ರಾಗ ಮಾತ್ರ. ಆಲ್ಬಮ್ಮಿನ ಕೊನೆಯ ಹಾಡು ನಿಯಾನ್ ಮೂನ್ ಕೂಡ ಇಷ್ಟವಾಯಿತು.

ನಿಮ್ಮಲ್ಲಿ ಅನೇಕರು 'ಹಳೇ ಬ್ಲ್ಯಾಕ್ ಕೀಸೇ ಚೆಂದ, ಇದು ಪಾಪ್' ಅನ್ನುತ್ತೀರಿ. ಚೆಂದವೇ. ಆದರೆ ನೆಲಮಾಳಿಗೆಯ ಸದ್ದು ನೆಲಮಾಳಿಗೆಯಲ್ಲಿ ಇರುವವನಿಗೆ ಮಾತ್ರ ದಕ್ಕುತ್ತದೆ. ನ್ಯಾಶ್‌ವಿಲ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಕೊಂಡು ಕೂತವರು ಬೇಕೆಂದೇ ಸ್ಪೀಕರ್ ಕೆಡಿಸಿಕೊಂಡು ಹಾಡಿದರೆ ಅದು ವೇಷ. ನನ್ನ ಪ್ರೆಸ್ಸಿಗೂ ಬರುತ್ತಾರೆ, ಮದುವೆ ಕಾರ್ಡು ಹಳೇ ಮೊಳೆಯ ಹಾಗೆ ಕಾಣಬೇಕು ಅಂತ. ಕಂಪ್ಯೂಟರಿನಲ್ಲಿ ಅಕ್ಷರದ ಅಂಚು ಮುರಿದು, ಶಾಯಿ ಮಾಸಿದ ಹಾಗೆ ಮಾಡಿಕೊಡುತ್ತೇನೆ. ದುಡ್ಡು ಜಾಸ್ತಿ ತಗೊಳ್ಳುತ್ತೇನೆ ಕೂಡ. ಅಪ್ಪ ಇದ್ದಿದ್ದರೆ ಬೆರಳಾಡಿಸಿ ನೋಡಿ ಕಂಡುಹಿಡಿಯುತ್ತಿದ್ದರು.

ಇವತ್ತಿನ ಈ ಕೂಟಕ್ಕೆ ನಿಮ್ಮ ಹುಡುಗರ ಬ್ಯಾಂಡಿನವರು ಬ್ಯಾನರ್ ಬೇಕು ಅಂದರು. ಇಪ್ಪತ್ತು ಅಡಿ, ಬಟ್ಟೆಯ ಮೇಲೆ. ಕಪ್ಪು ನೆಲ, ಎರಡು ಸಾಲು ಕನ್ನಡ ಅಕ್ಷರ, ಚಿತ್ರ ಬೇಡ. ನಿಮ್ಮ ಹಿಂದೆ ಗೋಡೆಗೆ ಕಟ್ಟಿದೆಯಲ್ಲ, ಅದೇ. ಅಕ್ಷರ ನಾನೇ ಕೂರಿಸಿದೆ, ಒತ್ತಕ್ಷರ ಒಂದಕ್ಕೊಂದು ತಾಗದ ಹಾಗೆ ಎರಡು ರಾತ್ರಿ ಕೂತೆ. ಆದರೆ ಅಷ್ಟು ಅಗಲ ಹೊಡೆಯುವ ಮಷಿನ್ ನನ್ನ ಹತ್ತಿರ ಇಲ್ಲ. ಪಕ್ಕದ ರಸ್ತೆಯಲ್ಲಿದೆ. ಹುಡುಗನ ಕೈಯಲ್ಲಿ ಪೆನ್ ಡ್ರೈವ್ ಕೊಟ್ಟು ಕಳಿಸಿದೆ, ಯಾರು ಕಳಿಸಿದ್ದು ಅಂತ ಕೇಳಿದರೆ ಹೇಳು ಅಂದೆ. ಕೇಳಿದನಂತೆ. ಬ್ಯಾನರ್ ಮರುದಿನ ಬೆಳಗ್ಗೆಯೇ ಬಂತು. ಬಿಲ್ಲು ಕಳಿಸಿಲ್ಲ. ನಾಳೆ ನಾನೇ ಹೋಗಿ ಕೇಳಬೇಕು.